ಮಳೆಗಾಲದಲ್ಲಿ ಯುಪಿಎಸ್ ಬ್ಯಾಟರಿ ನಿಜಕ್ಕೂ ಎಷ್ಟು ಹೊತ್ತು ಬರಬೇಕು?

ಕಾಡಂಚಿನ ಮನೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರಿನಲ್ಲಿ. ಅಪ್ಪ, ಆಯಿ ಇಬ್ಬರೇ ಸಿದ್ದಾಪುರ ತಾಲೂಕಿನ ಹಳ್ಳಿಮನೆಯಲ್ಲಿ ಇದ್ದಾರೆ. ಪೇಟೆಯಿಂದ ಸುಮಾರು 14 ಕಿಲೋಮೀಟರ್ ಒಳಗೆ. ಕರೆಂಟ್ ಲೈನು ಬರುವುದು ಪೂರ್ತಿ ಕಾಡಿನ ನಡುವೆ, ಹಾಗಾಗಿ ಆರಿದ್ರೆ ಮಳೆ ಹಿಡಿಯಿತು ಅಂದರೆ ಎಲ್ಲೋ ಒಂದು ಮರ ಬೀಳುತ್ತದೆ, ನಮ್ಮೂರು ಕತ್ತಲೆಗೆ ಹೋಗುತ್ತದೆ. ಲೈನ್‌ಮ್ಯಾನ್ ಒಳ್ಳೆಯವನೇ, ಆದರೆ ಅವನೊಬ್ಬನಿಗೆ ಎಷ್ಟೋ ಊರು.

2021ರ ದೀಪಾವಳಿಗೆ ಮನೆಗೆ ಯುಪಿಎಸ್ ಹಾಕಿಸಿದ್ದೆ. 150 ಎಎಚ್ (ಆಂಪಿಯರ್ ಅವರ್) ಟ್ಯೂಬ್ಯುಲರ್ ಬ್ಯಾಟರಿ ಒಂದು, 900 ವಿಎ ಇನ್ವರ್ಟರ್. ಅಂಗಡಿಯವರು "ಎಂಟು ಗಂಟೆ ಆರಾಮಾಗಿ ಬರುತ್ತದೆ" ಅಂದಿದ್ದರು. ಮೊದಲ ಎರಡು ವರ್ಷ ಹೆಚ್ಚುಕಡಿಮೆ ಬಂದಿತ್ತು ಕೂಡ. ಈ ಮಳೆಗಾಲದಲ್ಲಿ ಒಂದೂವರೆ ಗಂಟೆಗೇ ಕೀಂ ಕೀಂ ಅಂತ ಕೂಗಿ ಮಲಗಿಬಿಡುತ್ತದೆ. ಅದೇ ಅಂಗಡಿಗೆ ಫೋನ್ ಮಾಡಿದರೆ "ಬ್ಯಾಟರಿ ಲೈಫ್ ಮುಗೀತು ಸರ್, ಈ ಸಲ 200 ಹಾಕಿಬಿಡಿ" ಅಂದರು. ನೋಡದೆಯೇ ಹೇಳಿದರು, ಅದು ನನಗೆ ಸರಿ ಕಾಣಲಿಲ್ಲ.

ಲೋಡು ಇಷ್ಟು: ಎಲ್‌ಇಡಿ ಬಲ್ಬ್ 5, ಹಳೇ ಫ್ಯಾನ್ 2, ವೈಫೈ ಡಬ್ಬಿ, ಸಂಜೆ ವಾರ್ತೆಗೆ ಟಿವಿ. ಮಳೆಗಾಲದಲ್ಲಿ ಫ್ಯಾನ್ ಯಾಕೆ ಅಂತ ಮಲೆನಾಡಿನವರು ಕೇಳುವುದಿಲ್ಲ ಅಂದುಕೊಂಡಿದ್ದೇನೆ. ಒಂದು ಬಟ್ಟೆ ಒಣಗಿಸಲು, ಇನ್ನೊಂದು ಸೊಳ್ಳೆಗೆ. ಫ್ರಿಜ್ ಇದರ ಮೇಲೆ ಇಲ್ಲ. ಅದರಲ್ಲಿ ಅಪ್ಪನ ಇನ್ಸುಲಿನ್ ಇರುವುದರಿಂದ ಅದೊಂದು ಬೇರೆ ಚಿಂತೆ.

ಆಯಿ ಫೋನಿನಲ್ಲಿ ಇನ್ನೊಂದು ಮಾತು ಹೇಳುತ್ತಾರೆ. ಎಷ್ಟೋ ಸಂಜೆ ಪಕ್ಕದ ಮನೆಯಲ್ಲಿ ಕರೆಂಟ್ ಇರುತ್ತದಂತೆ, ನಮ್ಮಲ್ಲಿ ಮಾತ್ರ ಯುಪಿಎಸ್ ಮೇಲೆ ನಡೆಯುತ್ತಿರುತ್ತದಂತೆ. ಅದು ಹೇಗೋ ಗೊತ್ತಿಲ್ಲ, ಆಯಿಗೆ ಆ ಕೆಂಪು ಹಸಿರು ಲೈಟು ಗೊಂದಲ ಆಗಿರಬಹುದು.

ಈ ಬ್ಯಾಟರಿ ಇಷ್ಟು ಲೋಡಿಗೆ ನಿಜವಾಗಿ ಎಷ್ಟು ಹೊತ್ತು ಬರಬೇಕು? ಬದಲಿಸಲೇಬೇಕಾ? ಬದಲಿಸುವುದಾದರೆ ಲಿಥಿಯಂ ಹಾಕಿದರೆ ಹೇಗೆ?

ಬ್ಯಾಟರಿ ಭಾವ:

ಶಿವಮೊಗ್ಗದಲ್ಲಿ ಬ್ಯಾಟರಿ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಲೆಕ್ಕ. ಎಎಚ್ ಬಿಟ್ಟುಬಿಡಿ, ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲಿ ಲೆಕ್ಕ ಹಾಕಿ, ತಲೆಗೆ ಬೇಗ ಹೋಗುತ್ತದೆ. 12 ವೋಲ್ಟ್, 150 ಎಎಚ್ ಅಂದರೆ 1800 ವ್ಯಾಟ್ ಅವರ್. ಅಂದರೆ 1.8 ಯೂನಿಟ್. ಅಷ್ಟು ದೊಡ್ಡ ಭಾರದ ಡಬ್ಬಿಯಲ್ಲಿ ಇರುವುದು ಎರಡು ಯೂನಿಟ್ ಕೂಡ ಇಲ್ಲ! ಅದೂ ಪೂರ್ತಿ ಕೈಗೆ ಸಿಗುವುದಿಲ್ಲ. ಬ್ಯಾಟರಿಯನ್ನು ತಳ ಕಾಣುವ ತನಕ ಇಳಿಸಬಾರದು, ಐದರಲ್ಲಿ ನಾಲ್ಕು ಪಾಲು ಬಳಸಿದರೆ ಅದೇ ಹೆಚ್ಚು. ಮತ್ತೆ ಇನ್ವರ್ಟರ್ 12 ವೋಲ್ಟನ್ನು 230 ಮಾಡುವಾಗ ಐದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಉಳಿಯುವುದು ಸುಮಾರು 1150. ಬ್ಯಾಟರಿ ಹೊಸದಿದ್ದಾಗಿನ ಮಾತು ಇದು.

ಈಗ ನಿಮ್ಮ ಲೋಡು. ಹಳೇ ಸೀಲಿಂಗ್ ಫ್ಯಾನ್ ಒಂದಕ್ಕೆ 75 ವ್ಯಾಟ್, ಎರಡಕ್ಕೆ 150. ಬಲ್ಬ್ 9 ವ್ಯಾಟಿನದು ಐದು, 45. ವೈಫೈಗೆ 10. ಇನ್ವರ್ಟರ್ ತಾನೇ ಎಚ್ಚರ ಇರಲು ಒಂದು 15 ತಿನ್ನುತ್ತದೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಟ್ಟು 220. ಭಾಗಿಸಿದರೆ ಐದು ಗಂಟೆ ಚಿಲ್ಲರೆ. ಟಿವಿ ಹಾಕಿದರೆ ಇನ್ನೂ ಕಮ್ಮಿ. ಅಂಗಡಿಯವರ ಎಂಟು ಗಂಟೆ ಹೇಗೆ ಬಂತು ಅಂದರೆ, 1800ನ್ನು ಸೀದಾ 220ರಿಂದ ಭಾಗಿಸಿದ್ದಾರೆ ಅಷ್ಟೇ. ನಿಮಗೆ ಮೊದಲು ಎಂಟು ಗಂಟೆ ಬಂದಿದ್ದರೆ ಆಗ ಫ್ಯಾನು ಅಷ್ಟಾಗಿ ಓಡಿರಲಿಕ್ಕಿಲ್ಲ.

ಇನ್ನೊಂದು ವಿಷಯ. 150 ಎಎಚ್ ಅನ್ನುವುದು ನಿಧಾನಕ್ಕೆ, 20 ಗಂಟೆ ತೆಗೆದುಕೊಂಡು ಖಾಲಿ ಮಾಡಿದಾಗ ಸಿಗುವ ಲೆಕ್ಕ. ಅಂದರೆ ಏಳೂವರೆ ಆಂಪಿಯರ್‌ನಂತೆ ಎಳೆದರೆ. ನೀವು ಎರಡರಷ್ಟೋ ಮೂರರಷ್ಟೋ ಎಳೆದರೆ ಸಿಗುವುದೇ ಕಮ್ಮಿ. ಕೊಡಪಾನ ಓರೆ ಮಾಡಿ ಸಣ್ಣಗೆ ಬಗ್ಗಿಸಿದರೆ ಪೂರ್ತಿ ನೀರು ತಂಬಿಗೆಗೆ ಬೀಳುತ್ತದೆ, ದಢಕ್ಕನೆ ಬಗ್ಗಿಸಿದರೆ ಅರ್ಧ ನೆಲಕ್ಕೆ.

ಈಗ ನಿಮ್ಮ ಬ್ಯಾಟರಿ ಸತ್ತಿದೆಯಾ ಇಲ್ಲವಾ ಅನ್ನುವುದು ಇಲ್ಲಿಂದ ಹೇಳಲು ಆಗುವುದಿಲ್ಲ, ಫೋನಿನಲ್ಲೂ ಆಗುವುದಿಲ್ಲ. ಆರು ಮುಚ್ಚಳ ಇರುತ್ತವೆ, ತೆಗೆದು ಹೈಡ್ರೋಮೀಟರ್ ಹಾಕಿ ಆರೂ ಸೆಲ್ಲಿನ ಗ್ರ್ಯಾವಿಟಿ, ಅಂದರೆ ಒಳಗಿನ ಆಸಿಡ್ ಎಷ್ಟು ಗಟ್ಟಿ ಇದೆ ಅಂತ ನೋಡಬೇಕು. ಪೂರ್ತಿ ಚಾರ್ಜ್ ಆದ ಟ್ಯೂಬ್ಯುಲರ್‌ಗೆ 1240 ಆಸುಪಾಸು ತೋರಿಸಬೇಕು. ಆರೂ ಒಂದೇ ಸಮ ಕಮ್ಮಿ ಇದ್ದರೆ ಬ್ಯಾಟರಿ ಹಸಿದಿದೆ, ಚಾರ್ಜ್ ಸಾಲುತ್ತಿಲ್ಲ ಅಂತ. ಐದು ಚೆನ್ನಾಗಿದ್ದು ಒಂದು ಮಾತ್ರ 1100ಕ್ಕೆ ಬಿದ್ದಿದ್ದರೆ ಆ ಸೆಲ್ ಹೋಗಿದೆ, ಬ್ಯಾಟರಿಯ ಆಸೆ ಬಿಡಿ. ಹೈಡ್ರೋಮೀಟರ್ ಏನು ದೊಡ್ಡ ಬೆಲೆಯದ್ದಲ್ಲ, ಒಂದು ಮನೆಯಲ್ಲಿ ಇರಲಿ. ಆಸಿಡ್ ಅದು, ಅಪ್ಪಯ್ಯನವರಿಗೆ ಕೈಗವಸು ಕನ್ನಡಕ ಹಾಕಿಕೊಳ್ಳಲು ಹೇಳಿ, ಪಂಚೆ ಮೇಲೆ ಒಂದು ಹನಿ ಬಿದ್ದರೂ ತೂತು.

ನೀರು ನೋಡಿದ್ದೀರಾ? ಹೆಚ್ಚಿನವರು ಮರೆಯುವುದೇ ಅದು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಕಡೆ ಹಂಚಿನಿಂದ ಇಳಿದ ಮಳೆನೀರು ಹಾಕುವ ಮಹಾನುಭಾವರು ಇದ್ದಾರೆ, ಬಾವಿ ನೀರು ಹಾಕುವವರೂ ಇದ್ದಾರೆ. ಆಸಿಡ್ ಅಂತೂ ಹಾಕಲೇಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಇರುತ್ತದೆ.

ಕೊಪ್ಪ ಟು ಕೋರಮಂಗಲ:

ಭಾವ ಹೇಳಿದ ಫ್ಯಾನ್ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಬಿಎಲ್‌ಡಿಸಿ ಅಂತ ಕಮ್ಮಿ ಕರೆಂಟ್ ತಿನ್ನುವ ಮೋಟರಿನ ಫ್ಯಾನ್ ಬರುತ್ತದೆ, 30 ವ್ಯಾಟ್‌ಗೆ ಅದೇ ಗಾಳಿ ಕೊಡುತ್ತದೆ. ಎರಡು ಫ್ಯಾನ್ ಬದಲಿಸಿದರೆ 220 ಇದ್ದದ್ದು 130ಕ್ಕೆ ಇಳಿಯುತ್ತದೆ, ಐದು ಗಂಟೆ ಇದ್ದದ್ದು ಒಂಬತ್ತರ ಹತ್ತಿರ ಹೋಗುತ್ತದೆ. ಬ್ಯಾಟರಿ 150ರಿಂದ 200ಕ್ಕೆ ಹೋದರೂ ಇಷ್ಟು ಸಿಗುವುದಿಲ್ಲ. ಮೊದಲು ಫ್ಯಾನ್ ಬದಲಿಸಿ, ಆಮೇಲೆ ಬ್ಯಾಟರಿ ಮಾತು.

ಹಳ್ಳದ ಮನೆ:

ಎಲ್ಲರೂ ಬ್ಯಾಟರಿ ಬ್ಯಾಟರಿ ಅಂತಿದ್ದೀರಿ, ಅವರ ತಾಯಿಯವರು ಹೇಳಿದ್ದನ್ನು ಯಾರೂ ಓದಲಿಲ್ಲ ಮಾರಾಯ್ರೇ. ಅವರಿಗೆ ಯಾವ ಗೊಂದಲವೂ ಆಗಿಲ್ಲ.

ಪಕ್ಕದ ಮನೆಯಲ್ಲಿ ಕರೆಂಟ್ ಇದ್ದು ನಿಮ್ಮಲ್ಲಿ ಯುಪಿಎಸ್ ಓಡುತ್ತಿದೆ ಅಂದರೆ ವೋಲ್ಟೇಜ್ ಕಮ್ಮಿ ಇದೆ ಅಂತ. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಕೆಲವದರಲ್ಲಿ ಮುಂದೆಯೇ ಇರುತ್ತದೆ. ಒಂದು ಕಡೆ ಯುಪಿಎಸ್ ಅಂತ, ಇನ್ನೊಂದು ಕಡೆ ನಾರ್ಮಲ್ ಅಂತಲೋ ಇಕೋ ಅಂತಲೋ ಬರೆದಿರುತ್ತದೆ. ಯುಪಿಎಸ್ ಕಡೆ ಇದ್ದರೆ ಲೈನಿನ ವೋಲ್ಟೇಜ್ ಸುಮಾರು 180ರಿಂದ 260ರ ಒಳಗೆ ಇದ್ದರೆ ಮಾತ್ರ ಅದು ಕರೆಂಟ್ ಅಂತ ಒಪ್ಪುತ್ತದೆ. ಕಂಪ್ಯೂಟರ್ ಇರುವ ಪೇಟೆ ಮನೆಗೆ ಅದು ಸರಿ. ನಮ್ಮಂಥ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಆರರಿಂದ ಹತ್ತರ ತನಕ 150, 160 ಬಂದರೆ ಹೆಚ್ಚು. ಟಿಸಿ (ಟ್ರಾನ್ಸ್‌ಫಾರ್ಮರ್) ದೂರ, ಲೋಡು ಜಾಸ್ತಿ. ಆಗ ಇನ್ವರ್ಟರ್ "ಕರೆಂಟ್ ಇಲ್ಲ" ಅಂದುಕೊಂಡು ಬ್ಯಾಟರಿ ತಿನ್ನುತ್ತಾ ಕೂರುತ್ತದೆ, ಚಾರ್ಜೂ ಮಾಡುವುದಿಲ್ಲ. ಪಕ್ಕದವರು ಮಂಕು ಬೆಳಕಿನಲ್ಲಿ ಊಟ ಮಾಡುತ್ತಾರೆ, ನಿಮ್ಮವರು ಝಗಝಗ ಬೆಳಕಿನಲ್ಲಿ ಬ್ಯಾಟರಿ ಮುಗಿಸುತ್ತಾರೆ. ಹತ್ತು ಗಂಟೆಗೆ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿ ಆಗಲೇ ಅರ್ಧ ಖಾಲಿ. ಒಂದೂವರೆ ಗಂಟೆಯ ರಹಸ್ಯ ಇದೇ ಅಂತ ನನ್ನ ಅಂದಾಜು.

ಸ್ವಿಚ್ಚನ್ನು ಇನ್ನೊಂದು ಕಡೆಗೆ ಹಾಕಿದರೆ 100 ವೋಲ್ಟ್ ತನಕವೂ ಒಪ್ಪುತ್ತದೆ. ಒಂದೇ ಎಚ್ಚರ, ಆಗ ಆ ಕಮ್ಮಿ ವೋಲ್ಟೇಜ್ ಮನೆಯೊಳಗೂ ಹಾಗೇ ಬರುತ್ತದೆ. ಎಲ್‌ಇಡಿ, ವೈಫೈಗೆ ತೊಂದರೆ ಇಲ್ಲ, ಫ್ಯಾನು ಅಳುತ್ತಾ ತಿರುಗುತ್ತದೆ. ಮೋಟರು, ಫ್ರಿಜ್ ಅಂಥದ್ದು ಆ ಹೊತ್ತಿಗೆ ಹಾಕಬೇಡಿ.

ಖಾತ್ರಿ ಮಾಡಿಕೊಳ್ಳಬೇಕಾದರೆ, ಯುಪಿಎಸ್ ಲೈನಿನಲ್ಲಿ ಇಲ್ಲದ ಕಡೆ, ಬಚ್ಚಲಲ್ಲೋ ಕೊಟ್ಟಿಗೆಯಲ್ಲೋ ಹಳೇ ಬುರುಡೆ ಬಲ್ಬ್ ಇದ್ದರೆ ಸಂಜೆ ಅದನ್ನು ಹಾಕಿ ನೋಡಲು ಹೇಳಿ. ಕೆಂಡದ ಹಾಗೆ ಕೆಂಪಗೆ ಕಂಡರೆ ನಾನು ಹೇಳಿದ್ದೇ ಸರಿ.

ಕಾಡಂಚಿನ ಮನೆ:

ಅಯ್ಯೋ. ಕೊಟ್ಟಿಗೆಯಲ್ಲಿ ಅಂಥದ್ದೇ ಬಲ್ಬ್ ಇದೆ. ಸಂಜೆ ಹೊತ್ತು ದನ ಕಾಣುವುದಿಲ್ಲ ಅಂತ ಅಪ್ಪ ಬಯ್ಯುತ್ತಲೇ ಇರುತ್ತಾರೆ! ಇವತ್ತು ರಾತ್ರಿಯೇ ಫೋನ್ ಮಾಡಿ ಸ್ವಿಚ್ ನೋಡಲು ಹೇಳುತ್ತೇನೆ.

ನೀರು ಕೊನೆಗೆ ಯಾವಾಗ ಹಾಕಿದ್ದು ಅಂತ ಕೇಳಿದೆ. "ಯಾವ ನೀರು?" ಅಂದರು ಅಪ್ಪ.

ಬ್ಯಾಟರಿ ಭಾವ:

ಹಳ್ಳದ ಮನೆಯವರಿಗೆ ಶರಣು. ಅದು ನನಗೆ ಹೊಳೆಯಲೇ ಇಲ್ಲ, ಪೇಟೆಯಲ್ಲಿ ಕೂತವನ ಕಥೆ ಇಷ್ಟೇ.

ಅದಕ್ಕೇ ಇನ್ನೊಂದು ಮಾತು ಹೇಳಬೇಕು. ಗಿರಾಕಿಗಳು ಎಲ್ಲರೂ ಕೇಳುವುದು ಎಷ್ಟು ಗಂಟೆ ಬರುತ್ತದೆ ಅಂತ, ಎಷ್ಟು ಗಂಟೆ ತುಂಬಬೇಕು ಅಂತ ಒಬ್ಬರೂ ಕೇಳುವುದಿಲ್ಲ. 150ರ ಬ್ಯಾಟರಿ ಪೂರ್ತಿ ಇಳಿದರೆ, 15 ಆಂಪಿಯರ್ ಚಾರ್ಜಿಂಗ್‌ನಲ್ಲಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಮಳೆಗಾಲದಲ್ಲಿ ಹಳ್ಳಿಗೆ ದಿನಕ್ಕೆ ನಾಲ್ಕು ಗಂಟೆ ಕರೆಂಟ್ ಬಂದರೆ ಒಳಗೆ ಹೋಗುವುದು ಹೆಚ್ಚೆಂದರೆ 60 ಎಎಚ್. ಅದಕ್ಕಿಂತ ಜಾಸ್ತಿ ತೆಗೆದರೆ ಮರುದಿನ ಸಾಲ. 200 ಹಾಕಿದರೂ ಅಷ್ಟೇ, 300 ಹಾಕಿದರೂ ಅಷ್ಟೇ, ತುಂಬುವ ನಳದಲ್ಲಿ ನೀರೇ ಇಲ್ಲದಿದ್ದರೆ ದೊಡ್ಡ ಟ್ಯಾಂಕ್ ಕಟ್ಟಿ ಏನು ಮಾಡುತ್ತೀರಿ? ಮತ್ತೆ ಅರೆಬರೆ ತುಂಬಿದ ಲೆಡ್ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಮಲೆನಾಡಿನಲ್ಲಿ ಬ್ಯಾಟರಿ ಬೇಗ ಸಾಯುವುದು ಜಾಸ್ತಿ ಬಳಸಿ ಅಂತ ಜನ ಅಂದುಕೊಳ್ಳುತ್ತಾರೆ, ನಾನು ನೋಡಿದ್ದರಲ್ಲಿ ಅರ್ಧಕ್ಕರ್ಧ ಉಪವಾಸ ಬಿದ್ದು ಸತ್ತವು.

ಹ್ಯೂಸ್ಟನ್‌ನಲ್ಲಿರುವ ಮಂಡ್ಯದವ:

ನಮ್ಮಲ್ಲೂ ಇದೇ ಕಥೆ, ಬರೀ ಸೊನ್ನೆ ಜಾಸ್ತಿ. 2024ರ ಜುಲೈ 8ಕ್ಕೆ ಬೆರಿಲ್ ಚಂಡಮಾರುತ ಬಂದಾಗ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ನಮ್ಮ ಮನೆಗೆ ಬಂದಿದ್ದು ನಾಲ್ಕನೇ ದಿನ. ಗೋಡೆಗೆ ಹಾಕಿಸಿದ 13.5 ಯೂನಿಟ್‌ನ ಲಿಥಿಯಂ ಬ್ಯಾಟರಿ ಇತ್ತು. ನಿಮ್ಮದಕ್ಕಿಂತ ಏಳು ಪಟ್ಟು ದೊಡ್ಡದು, ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಇಡೀ ಮನೆಯ ಏಸಿ 3 ಕಿಲೋವ್ಯಾಟ್ ಎಳೆಯುತ್ತದೆ, ನಾಲ್ಕು ಗಂಟೆಗೇ ಎಲ್ಲ ಮುಗಿಯಿತು. ಹೊರಗೆ ಸೆಕೆ, ಒಳಗೆ ಸೆಕೆ, ಫ್ರಿಜ್‌ನಲ್ಲಿದ್ದ ದೋಸೆ ಹಿಟ್ಟು ಉಕ್ಕಿ ಹರಿಯಿತು. ಮರುದಿನ ಬಿಸಿಲು ಬಂದು ಸೋಲಾರ್‌ನಿಂದ ಬ್ಯಾಟರಿ ತುಂಬಿದ ಮೇಲೆ ಬುದ್ಧಿ ಬಂತು. ಫ್ರಿಜ್, ಎರಡು ಫ್ಯಾನ್, ನಾಲ್ಕು ಲೈಟು, ಇಂಟರ್ನೆಟ್ ಅಷ್ಟೇ ಇಟ್ಟುಕೊಂಡರೆ 300 ವ್ಯಾಟ್, ಅದೇ ಬ್ಯಾಟರಿ ಎರಡು ದಿನದ ಹತ್ತಿರ ಬರುತ್ತದೆ.

ಇನ್ಸುಲಿನ್ ವಿಷಯ: ಬಳಸುತ್ತಿರುವ ಪೆನ್ ಅಥವಾ ಬಾಟಲಿ ಫ್ರಿಜ್‌ನಲ್ಲಿ ಇಲ್ಲದಿದ್ದರೂ 30 ಡಿಗ್ರಿ ಒಳಗಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ. ನಮ್ಮ ಮಾವನವರಿಗೆ ಇಲ್ಲಿನ ಡಾಕ್ಟರು ಹಾಗೇ ಹೇಳಿದ್ದು. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ಸೆಕೆ ಎಲ್ಲಿ ಬರಬೇಕು? ತೆರೆಯದೇ ಇಟ್ಟ ಸ್ಟಾಕ್ ಮಾತ್ರ ಫ್ರಿಜ್‌ನಲ್ಲೇ ಬೇಕು. ಬಾಗಿಲು ತೆಗೆಯದಿದ್ದರೆ ಫ್ರಿಜ್ ಒಂದು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ದಿನಗಟ್ಟಲೆ ಕರೆಂಟ್ ಹೋಗುವ ಊರಾದ್ದರಿಂದ ಒಂದೇ ಸಲ ಜಾಸ್ತಿ ತಂದಿಡಬೇಡಿ. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಕೊಪ್ಪ ಟು ಕೋರಮಂಗಲ:

ಸೋಲಾರ್ ಅಂದಾಗ ನೆನಪಾಯಿತು. ಊರಲ್ಲಿ ನಮ್ಮ ಚಿಕ್ಕಪ್ಪ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಹಾಕಿಸಿ, 78 ಸಾವಿರ ಸಬ್ಸಿಡಿಯೂ ಬಂದು, ಇನ್ನು ಕರೆಂಟ್ ಹೋದರೂ ಚಿಂತೆಯಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದರು. ಮೊದಲ ಸಲ ಕರೆಂಟ್ ಹೋದಾಗ ಸುಡುಬಿಸಿಲಲ್ಲೂ ಮನೆ ಕತ್ತಲೆ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಲ್ಲಿ ಕರೆಂಟ್ ಇಲ್ಲದಿದ್ದರೆ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯುತ್ತದೆ ಅಲ್ವಾ. ಹಾಕಿಸುವಾಗ ಇದನ್ನು ಕೇಳಿ ಹಾಕಿಸಿ.

ಲಿಥಿಯಂ ಬಗ್ಗೆ: ನಾನು ಎರಡು ವರ್ಷದಿಂದ ಬಳಸುತ್ತಿದ್ದೇನೆ, 12.8 ವೋಲ್ಟ್ 100 ಎಎಚ್. ಲೆಕ್ಕದಲ್ಲಿ 1.28 ಯೂನಿಟ್, ಸಣ್ಣದು. ಆದರೆ ಹತ್ತರಲ್ಲಿ ಒಂಬತ್ತು ಪಾಲು ಧೈರ್ಯವಾಗಿ ಬಳಸಬಹುದು, ನೀರು ಬೇಡ, ಆಸಿಡ್ ವಾಸನೆ ಇಲ್ಲ, ಅರ್ಧ ತುಂಬಿಸಿ ಬಿಟ್ಟರೂ ಅದಕ್ಕೆ ಬೇಜಾರಿಲ್ಲ. ನಿಮ್ಮ ಊರಿಗೆ ಅದೇ ಸರಿ ಅನ್ನಿಸುತ್ತದೆ. ಬೆಲೆ ಮಾತ್ರ ಜಾಸ್ತಿ.

ಬ್ಯಾಟರಿ ಭಾವ:

ಒಪ್ಪುತ್ತೇನೆ, ಅರ್ಧ. ಲಿಥಿಯಂ ಬೇಗ ತುಂಬುತ್ತದೆ ಅನ್ನುವ ಗುಣ ಹಳೇ ಇನ್ವರ್ಟರ್‌ಗೆ ಕಟ್ಟಿದರೆ ಸಿಗುವುದಿಲ್ಲ. ಅದರ ಚಾರ್ಜರ್ ಕೊಡುವುದೇ ಹತ್ತು ಹದಿನೈದು ಆಂಪಿಯರ್, ಲಿಥಿಯಂ 50 ತಗೊಳ್ಳಲು ತಯಾರಿದ್ದರೂ ಕೊಡುವವರು ಯಾರು? ಚಾರ್ಜಿಂಗ್ ವೋಲ್ಟೇಜೂ ಲೆಡ್ ಬ್ಯಾಟರಿಗೆ ಸೆಟ್ ಮಾಡಿದ್ದು, ಕೆಲವು ಇನ್ವರ್ಟರ್ ಆಗಾಗ ಜಾಸ್ತಿ ವೋಲ್ಟೇಜ್ ಕೊಟ್ಟು ಲೆಡ್ ಬ್ಯಾಟರಿಯನ್ನು ಕುದಿಸುತ್ತವೆ. ಲಿಥಿಯಂನೊಳಗಿನ ಕಾವಲು ಸರ್ಕ್ಯೂಟ್ ಅದನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತದೆ. ಲಿಥಿಯಂ ಬೇಕಿದ್ದರೆ ಅದಕ್ಕೆ ಆಗುವ ಇನ್ವರ್ಟರ್ ಸೇರಿಸಿಯೇ ತಗೊಳ್ಳಿ. ಮತ್ತೆ ಸಿಡಿಲು ಮರೆಯಬೇಡಿ. ಸಿಡಿಲಿಗೆ ಅದರ ಬೋರ್ಡ್ ಸುಟ್ಟರೆ ಸಿದ್ದಾಪುರದಲ್ಲಿ ರಿಪೇರಿ ಮಾಡುವವರನ್ನು ಹುಡುಕಬೇಕು.

ಹಳ್ಳದ ಮನೆ:

ನನ್ನ ಹೆಸರಿನ ಕಥೆ ಯಾರಾದರೂ ಕೇಳುತ್ತೀರಿ ಅಂತ ಕಾಯುತ್ತಿದ್ದೆ, ಕೇಳಲಿಲ್ಲ, ನಾನೇ ಹೇಳುತ್ತೇನೆ. ಮಳೆಗಾಲದಲ್ಲಿ ಸೋಲಾರ್ ಪ್ಯಾನಲ್ ಮೇಲೆ ಪಾಚಿ ಬೆಳೆಯುತ್ತದೆ, ಕರೆಂಟ್ ಬೆಳೆಯುವುದಿಲ್ಲ. ಆದರೆ ಗುಡ್ಡದ ಹಳ್ಳ ತುಂಬಿ ಹರಿಯುವುದೂ ಅದೇ ಹೊತ್ತಿಗೆ. ತೋಟದ ಮೇಲಿಂದ ಪೈಪಿನಲ್ಲಿ ನೀರು ಇಳಿಸಿ ಸಣ್ಣ ಟರ್ಬೈನ್ ಇಟ್ಟಿದ್ದೇವೆ, ಪಿಕೋ ಹೈಡ್ರೋ ಅನ್ನುತ್ತಾರೆ. 20 ಮೀಟರ್ ಇಳಿಜಾರು, ಸೆಕೆಂಡಿಗೆ 10 ಲೀಟರ್ ನೀರು ಇದ್ದರೆ, ಅರ್ಧ ನಷ್ಟ ಕಳೆದರೂ ಹೆಚ್ಚುಕಡಿಮೆ 1 ಕಿಲೋವ್ಯಾಟ್, ಹಗಲೂ ರಾತ್ರಿ. ದಿನಕ್ಕೆ 20 ಯೂನಿಟ್‌ಗೂ ಮೇಲೆ ಆಯಿತು, ಬ್ಯಾಟರಿಯೇ ಬೇಡ. ಬಳಸದೆ ಉಳಿದ ಕರೆಂಟ್ ಸುಮ್ನೆ ಬಿಡುವ ಹಾಗಿಲ್ಲ, ಬಿಟ್ಟರೆ ಟರ್ಬೈನ್ ಹುಚ್ಚೆದ್ದು ತಿರುಗುತ್ತದೆ, ಅದಕ್ಕೇ ಅದನ್ನು ನೀರು ಕಾಯಿಸುವ ಕಾಯಿಲ್‌ಗೆ ಬಿಡುತ್ತೇವೆ. ಊರಿಗೆಲ್ಲ ಕತ್ತಲೆ ಇದ್ದಾಗ ನಮ್ಮ ಬಚ್ಚಲಲ್ಲಿ ಹಂಡೆ ತುಂಬಾ ಬಿಸಿನೀರು. ಕಷ್ಟ ಇಷ್ಟೇ, ಎಲೆ ಕಸ ಸಿಕ್ಕಿಕೊಂಡರೆ ಮಳೆಯಲ್ಲಿ ಉಂಬಳದ (ಜಿಗಣೆ) ನಡುವೆ ಮೇಲೆ ಹತ್ತಬೇಕು. ಜನವರಿ ಹೊತ್ತಿಗೆ ಹಳ್ಳ ಸೊರಗುತ್ತದೆ, ಆಗ ಬಿಸಿಲು ಇರುತ್ತದಲ್ಲ.

ನಿಮ್ಮ ತೋಟದ ಮೇಲೆ ಹಳ್ಳ ಇದೆಯಾ?

ಕಾಡಂಚಿನ ಮನೆ:

ತಡವಾಯಿತು, ಕ್ಷಮಿಸಿ. ಶನಿವಾರ ಊರಿಗೇ ಹೋಗಿ ಬಂದೆ.

ಸ್ವಿಚ್ ಯುಪಿಎಸ್ ಕಡೆಯೇ ಇತ್ತು. ಮಲ್ಟಿಮೀಟರ್ ಒಯ್ದಿದ್ದೆ, ಸಂಜೆ ಏಳಕ್ಕೆ 158 ವೋಲ್ಟ್. ಸ್ವಿಚ್ ಬದಲಿಸಿದ ಕೂಡಲೇ ಟಕ್ ಅಂದಿತು, ಹಸಿರು ಲೈಟ್ ಬಂತು. ಆಯಿ ಮುಖ ನೋಡಬೇಕಿತ್ತು ನೀವು. "ನಾ ಹೇಳಿದ್ರೆ ಯಾರೂ ಕೇಳ್ತಿಲ್ಲೆ" ಅಂತ ಎರಡು ದಿನ ಅದೇ ಮಾತು.

ನೀರು ಆರೂ ಸೆಲ್ಲಿನಲ್ಲಿ ಕೆಳಗಿನ ಗೆರೆಗಿಂತ ಕೆಳಗೆ. ಡಿಸ್ಟಿಲ್ಡ್ ವಾಟರ್ ಹಾಕಿ, ಅದೃಷ್ಟಕ್ಕೆ ಭಾನುವಾರ ರಾತ್ರಿಯಿಡೀ ಕರೆಂಟ್ ಇತ್ತು, ಪೂರ್ತಿ ಚಾರ್ಜ್ ಆದ ಮೇಲೆ ಗ್ರ್ಯಾವಿಟಿ ನೋಡಿದೆ. ಐದು ಸೆಲ್ 1220ರಿಂದ 1230, ಒಂದು ಮಾತ್ರ 1190. ಭಾವ, ಇದು ಸತ್ತದ್ದಾ ಬದುಕಿದ್ದಾ?

ಟಿವಿ ಬಿಟ್ಟು ಉಳಿದ ಅದೇ ಲೋಡಿಗೆ ಮೂರು ಗಂಟೆ ನಲವತ್ತು ನಿಮಿಷ ಬಂತು. ಒಂದು ಬಿಎಲ್‌ಡಿಸಿ ಫ್ಯಾನ್ ಹಾಕಿಸಿ ಬಂದಿದ್ದೇನೆ, ಇನ್ನೊಂದು ಮುಂದಿನ ಸಲ. ಹಳ್ಳ ಇದೆ, ಆದರೆ ತೋಟದ ಕೆಳಗೆ!

ಬ್ಯಾಟರಿ ಭಾವ:

ಬದುಕಿದ್ದು. ಒಂದು ಸೆಲ್ ಕುಂಟುತ್ತಿದೆ, ಈ ಮಳೆಗಾಲ ದಾಟಿಸುತ್ತದೆ. ತಿಂಗಳಿಗೊಮ್ಮೆ ಆ ಸೆಲ್ಲಿನ ಗ್ರ್ಯಾವಿಟಿ ಬರೆದಿಡಿ, 1150ರ ಕೆಳಗೆ ಹೋದಾಗ ಹೊಸದರ ಮಾತು. 150ನ್ನೇ ಹಾಕಿ, 200 ಬೇಡ.

ಕಾಡಂಚಿನ ಮನೆ:

ಬರೆದಿಡುವ ಕೆಲಸ ಅಪ್ಪ ಆಗಲೇ ಶುರು ಮಾಡಿದ್ದಾರೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಕರೆಂಟಿನ ಲೆಕ್ಕ. ಇವತ್ತು ಆಯಿ ಫೋಟೋ ಕಳಿಸಿದ್ದಾರೆ. ಕೊನೆಯ ಎರಡು ಸಾಲು ಹೀಗಿದೆ: "ರಾತ್ರಿ 9.15 ಕರೆಂಟ್ ಬಂತು. 9.17 ಹೋಯಿತು."